ಮಾಸ್ತಿಕಲ್ಲು ಮತ್ತು ನೈತಿಕ ವಿಚಾರ: ಇಕ್ಕೇರಿಯ ಒಂದು ಪ್ರಸಂಗ

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಹೆಸರಿನಲ್ಲಿರುವ ‘ಮಾಸ್ತಿ’ ಎಂಬುದು ‘ಮಹಾಸತಿ’ಯ ಜನಬಳಕೆಯ ರೂಪ. ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳಲ್ಲಿ ಕಂಬದಿಂದ ಹೊರಚಾಚಿ ಮೇಲಕ್ಕೆ ಬಾಗಿದ ಬಳೆತೊಟ್ಟ ತೋಳು, ಬೆರಳುಗಳ ನಡುವೆ ನಿಂಬೆಹಣ್ಣು, ಕೆಲವೆಡೆ ಕನ್ನಡಿ ಕಾಣುತ್ತವೆ. ಕಲ್ಲು ನಿರ್ಧಾರವನ್ನು ಪೂಜಿಸುತ್ತದೆಯೇ ಹೊರತು ಅದರ ಸರಿತಪ್ಪನ್ನು ಕೇಳುವುದಿಲ್ಲ. ಆದರೆ ಆ ಪ್ರಶ್ನೆ ನಮ್ಮಲ್ಲಿ ಏಳಲೇ ಇಲ್ಲವೆನ್ನಲಾಗದು. 1057ರ ಬೆಳತೂರು ಶಾಸನದಲ್ಲಿ ದೇಕಬ್ಬೆಯನ್ನು ಹೆತ್ತವರು, ಬಂಧುಗಳು ತಡೆಯಲೆತ್ನಿಸಿದ ವಿವರವಿದೆ. ಶಾಸನಕವಿ ಮಾತ್ರ ಅವರ ಮಾತನ್ನು ಅವಳ ದೃಢತೆಯನ್ನು ಮೆರೆಸಲೆಂದೇ ಬಳಸಿಕೊಂಡಿದ್ದಾನೆ.

ಇದಕ್ಕಿಂತ ತೆರೆದ ವಾದವೊಂದು ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ, ಸಾಗರದ ಬಳಿಯ ಇಕ್ಕೇರಿಯಲ್ಲಿ ನಡೆಯಿತು. 1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಊರು ಸುತ್ತುತ್ತಿದ್ದ ವಿಧವೆಯನ್ನು ಕಂಡನು. ಕಲ್ಲಿನ ಶಿಲ್ಪ ಆಚರಣೆಯ ನೇರ ಪ್ರತಿಬಿಂಬವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಅವಳು ಮದ್ದಳೆಗಾರನೊಬ್ಬನ ಹೆಂಡತಿ. ಅವನ ಬರಹದ ಹೆಸರನ್ನು ‘ಜಕ್ಕಮ್ಮ’ ಎಂದು ಓದಬಹುದು. ಮುಂದೆ ಅವಳ ಮನೆಗೇ ಹೋಗಿ, ದುಭಾಷಿಯ ಮೂಲಕ ವಾದಿಸಿದನು. ಎಳೆಯ ಮಕ್ಕಳಿಬ್ಬರನ್ನು ಹೇಗೆ ಬಿಟ್ಟುಹೋಗುವೆ ಎಂದನು. ತನ್ನ ಬಂಧುವೊಬ್ಬ ನೋಡಿಕೊಳ್ಳುತ್ತಾನೆಂದಳು. ಇದು ಸ್ವಂತ ಇಚ್ಛೆ, ಯಾರ ಬಲವಂತವೂ ಇಲ್ಲವೆಂದಳು. ವಾದ ಸೋತಾಗ ಅವನು ಮಾಡಿದ್ದು ಗಮನಾರ್ಹ: ತನ್ನ ಲೇಖನಿಗೆ ಶಕ್ತಿಯಿದ್ದರೆ ಅವಳ ಹೆಸರನ್ನು ಲೋಕದಲ್ಲಿ ಉಳಿಸುವೆನೆಂದು ಮಾತುಕೊಟ್ಟನು. ತಡೆಯಲು ಬಂದವನೇ ಮಾಸ್ತಿಕಲ್ಲು ನೀಡುವುದನ್ನೇ ನೀಡಿದನು!

ನನ್ನ ದೃಷ್ಟಿಯಲ್ಲಿ ಆ ಮನೆಯ ಗಟ್ಟಿಯಾದ ನೈತಿಕ ತರ್ಕ ಅವನದಲ್ಲ. ಸತ್ತವನಿಗೆ ಇನ್ನಿಬ್ಬರು ಹಿರಿಯ ಹೆಂಡಿರಿದ್ದರು. ತಮಗೆ ಮಕ್ಕಳಿದ್ದಾರೆಂಬ ಕಾರಣ ಹೇಳಿ ಅವರು ಚಿತೆಯನ್ನು ಒಲ್ಲೆವೆಂದರು. ಪ್ರವಾಸಿಗೆ ಅದು ನೆಪದಂತೆ ಕಂಡಿತು. ಮಕ್ಕಳ ಹೊಣೆಯನ್ನು ಕೀರ್ತಿಯ ಎದುರು ತೂಗಿನೋಡುವುದು ನೆಪವಲ್ಲ, ವಿಚಾರ. ನಮ್ಮ ಕ್ಷೇತ್ರಕಾರ್ಯವೂ ಕಲ್ಲಿರುವವರನ್ನಷ್ಟೇ ಹುಡುಕುತ್ತ ಬಂದಿದೆ.

1818ರಲ್ಲಿ ರಾಮಮೋಹನ ರಾಯರು ಬಂಗಾಳಿಯಲ್ಲಿ ಈ ಚರ್ಚೆಯನ್ನು ಸಹಗಮನದ ಪರ ಮತ್ತು ವಿರೋಧಿಗಳ ಸಂವಾದವಾಗಿ ಬರೆದರು. 1829ರಲ್ಲಿ ಬೆಂಟಿಂಕನ ನಿಷೇಧ ಬಂದಿತು. ಆದರೂ 1987ರಲ್ಲಿ ರಾಜಸ್ಥಾನದ ದೇವ್‌ರಾಲಾದ ಘಟನೆಯ ನಂತರ ‘ಸ್ವಂತ ಇಚ್ಛೆ’ಯ ವಾದವೇ ಮತ್ತೆ ಮೊಳಗಿತು. ಹೊಗಳಿಕೆ, ಮೆರವಣಿಗೆ, ವೈಧವ್ಯದ ಭಯಗಳ ನಡುವಿನ ಒಪ್ಪಿಗೆಯನ್ನು ಸ್ವತಂತ್ರವೆನ್ನಬಹುದೇ ಎಂಬುದು ಇಕ್ಕೇರಿಯಲ್ಲಿ ಕೇಳದೆ ಉಳಿದ ಪ್ರಶ್ನೆ. ಅದೇ ವರ್ಷದ ಕಾಯಿದೆ ಕೃತ್ಯವನ್ನಷ್ಟೇ ಅಲ್ಲದೆ ಅದರ ವೈಭವೀಕರಣವನ್ನೂ ಅಪರಾಧವೆಂದಿತು. ಮಾಸ್ತಿಕಲ್ಲನ್ನು ದಾಖಲಿಸುವ ಜಾನಪದ ವಿದ್ವಾಂಸನು ‘ತ್ಯಾಗ’, ‘ಪಾತಿವ್ರತ್ಯ’ ಎಂಬ ಪದಗಳನ್ನು ವಕ್ತೃವಿನ ಮಾತಾಗಿ ಬರೆಯುತ್ತಿದ್ದಾನೆಯೋ ತನ್ನ ಮಾತಾಗಿಯೋ ಎಂಬುದನ್ನು ಪ್ರತಿ ಪುಟದಲ್ಲೂ ಬೇರ್ಪಡಿಸಬೇಕಾಗುತ್ತದೆ.