ಹೊಲವೂ ಕಾಗದವೂ

ಯಾದಗಿರಿಯಿಂದ ಭೀಮೆಯನ್ನು ದಾಟಿ, ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಹೋಗುವ ಹಾದಿಯನ್ನು ತಾವು ಕಂಡಿರಬಹುದು. ಶಹಾಪುರ, ಸುರಪುರಗಳ ಸೀಮೆಯಲ್ಲಿ ಇಂದು ನಾರಾಯಣಪುರದ ಎಡದಂಡೆ ಕಾಲುವೆಯ ನೀರುಂಡ ಬತ್ತದ ಗದ್ದೆಗಳಿವೆ. ನಮ್ಮ ಹಿರಿಯರು ಕಂಡದ್ದು ಜೋಳ, ತೊಗರಿಯ ಎರೆಹೊಲ. ಎಕರೆಯ ಬೆಲೆ ಏರಿದ ಕಡೆ ಹಳೆಯ ಕಾಗದಗಳು ಪೆಟ್ಟಿಗೆಯಿಂದ ಹೊರಬರುತ್ತವೆ, ಬದುವಿನ ಮೇಲೆ ಬಡಿಗೆ ಏಳುತ್ತದೆ. ಆದರೆ ಈ ಜಗಳ ಕಾಲುವೆಯ ಜೊತೆ ಬಂದದ್ದಲ್ಲ, ಬಹಳ ಹಳೆಯದು.

ಸುರಪುರ ಸಂಸ್ಥಾನವು 1860ರಲ್ಲಿ ನಿಜಾಮರ ಕೈಸೇರಿತು. ಹೈದರಾಬಾದ್ ರಾಜ್ಯದಲ್ಲಿ ದಿವಾನಿ ಭೂಮಿ ಒಂದು ಬಗೆ, ನಿಜಾಮರ ಸ್ವಂತದ ಸರ್ಫ್-ಎ-ಖಾಸ್ ಇನ್ನೊಂದು, ಜಹಗೀರು ಮತ್ತೊಂದು. ಜಹಗೀರಿನಲ್ಲಿ ಕಂದಾಯವೂ ಧಣಿಯದೇ, ದರ್ಪವೂ ಧಣಿಯದೇ! ಅದೇ ರಾಜ್ಯದ ತೆಲಂಗಾಣ ಭಾಗದ ಕಡವೆಂಡಿಯಲ್ಲಿ 1946ರ ಜುಲೈ 4ರಂದು ರೈತಸಂಘದ ಮೆರವಣಿಗೆಯ ಮೇಲೆ ದೇಶಮುಖರ ಆಳುಗಳು ಗುಂಡು ಹಾರಿಸಿದರು. ಸಂಘದ ದೊಡ್ಡಿ ಕೊಮರಯ್ಯ ಬಿದ್ದರು. ಮುಂದೆ ಐದು ವರ್ಷ ತೆಲಂಗಾಣ ಹೊತ್ತಿ ಉರಿದದ್ದು ತಮಗೆ ಗೊತ್ತೇ ಇದೆ.

1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ, 1949ರಲ್ಲಿ ಜಹಗೀರು ರದ್ದಾಯಿತು. 1950ರ ಕಾನೂನು ಗೇಣಿದಾರನಿಗೆ ರಕ್ಷಣೆ ಕೊಟ್ಟಿತು, ಕಾಗದದಲ್ಲಿ. ಅದರ ಫಲವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು, ಬಲಾತ್ಕಾರದಿಂದ ಹೊಲ ಬಿಡಿಸಿದ್ದರ ಜೊತೆಗೆ ಗೇಣಿದಾರರು 'ತಾವಾಗಿ ಬಿಟ್ಟುಕೊಟ್ಟ' ಹೊಲಗಳನ್ನೂ ಲೆಕ್ಕಕ್ಕೆ ಹಿಡಿದರು. ತಾನಾಗಿ ಅನ್ನ ಬಿಟ್ಟುಕೊಡುವ ರೈತನನ್ನು ತಾವೆಲ್ಲಾದರೂ ಕಂಡಿದ್ದೀರಾ?

ಇನ್ನು ನಮ್ಮ ಕನ್ನಡ ನಾಡಿನಲ್ಲಿ ಈ ಮಾತು ಎಲ್ಲರ ಕಿವಿಗೂ ಬಿದ್ದದ್ದು ಮಲೆನಾಡಿನಿಂದ, ಅದೂ ಒಂದು ಅಳತೆಯ ಪಾತ್ರೆಯ ದೆಸೆಯಿಂದ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ಮೂರು ಸೇರಿನದಲ್ಲ, ಅದಕ್ಕಿಂತ ದೊಡ್ಡದು. ಗದ್ದೆ ಉಳುತ್ತಿದ್ದ ದೀವರು ಕೇಳಿದ್ದು ಭೂಮಿಯನ್ನಲ್ಲ. ಸರಿಯಾದ ಕೊಳಗ, ಕೊಟ್ಟ ಗೇಣಿಗೆ ರಸೀದಿ, ಇಷ್ಟೇ. ರಸೀದಿ ಇದ್ದರೆ ಉಳುವವನ ಹೆಸರು ಕಾಗದಕ್ಕೆ ಬರುತ್ತದೆ. ಒಡೆಯರಿಗೆ ಅಂಜಿಕೆ ಹುಟ್ಟಿದ್ದು ಅಲ್ಲಿಯೇ ಎಂದು ನನ್ನ ಎಣಿಕೆ. ಶಾಲಾ ಮಾಸ್ತರರಾಗಿದ್ದ ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘವಾಗಿ ಕಟ್ಟಿದರು. ಒಡೆಯರು ಗದ್ದೆ ಬಿಡಿಸಿದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಲಾಠಿ, ಬಂಧನ, ಸೆರೆಮನೆ. ಮರುದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷ ಜೊತೆಗೂಡಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಸೆರೆಯಾದರು. ಸತ್ಯಾಗ್ರಹದಿಂದ ಗದ್ದೆ ಕೂಡಲೇ ಕೈಗೆ ಬರಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಆ ಸೀಮೆಯ ಮತದಾರರು ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು.

1956ರಲ್ಲಿ ಕಲಬುರ್ಗಿ ಸೀಮೆಯೂ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1965ರಲ್ಲಿ. ಧಣಿಗಳಿಗೆ ಅದರಲ್ಲಿ ಸಂದುಗಳು ಬೇಕಾದಷ್ಟಿದ್ದವು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಭೂಮಿಯೆಲ್ಲ ಸರಕಾರದ್ದಾಯಿತು. ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು, ನ್ಯಾಯಮಂಡಳಿಯ ಮುಂದೆ ತಾನೇ ಉತ್ತವನೆಂದು ತೋರಿಸಬೇಕು. ಬಾಯಿಮಾತಿನ ಗೇಣಿಗೆ ಸಾಕ್ಷಿ ಯಾರು? ಪಕ್ಕದ ಹೊಲದವನು. ಅವನೂ ಅದೇ ಧಣಿಯ ಸಾಲಗಾರನಾಗಿದ್ದರೆ ಅವನ ಬಾಯಿ ಏಳುವುದೆಂತು?

ಅರ್ಜಿಯ ಅವಧಿ 1979ರ ಜೂನ್ 30ಕ್ಕೆ ಮುಗಿಯಿತು. ಅಂಜಿ ಅರ್ಜಿ ಹಾಕದೆ ಉಳಿದವರಿಗಾಗಿ 1998ರಲ್ಲಿ 77-ಎ ಎಂಬ ಹೊಸ ಕಲಮು ಸೇರಿಸಿದರು. ಆಗಲೂ ಕೇಳಿದ್ದು ಅದೇ ಪ್ರಶ್ನೆ: 1974ರ ಮಾರ್ಚ್ ಒಂದಕ್ಕೆ ಮೊದಲು ಈ ಹೊಲವನ್ನು ಉತ್ತವರಾರು?