ಎರೆನೆಲದಲ್ಲಿ ಸಸಿಯ ಪಾಡು

1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಇಂದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳು ಜೋಳ-ತೊಗರಿಯ ಬಯಲುಗಳಾದ್ದರಿಂದ, ಇಲ್ಲಿ ಮರವೆಂದರೆ ಬಹುಮಟ್ಟಿಗೆ ಹೊಲದ ಬದು, ಹಳ್ಳದ ದಂಡೆ, ಗುಡಿ-ದರ್ಗಾಗಳ ಅಂಗಳದಲ್ಲಿ ಉಳಿದುಬಂದ ಬೇವು, ಜಾಲಿ, ಹುಣಸೆಗಳೇ. 1950ರಲ್ಲಿ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವವೂ 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ರಾಜ್ಯದಲ್ಲಿ ನಡೆದ ಸಾಮಾಜಿಕ ಅರಣ್ಯ ಯೋಜನೆಯೂ ಸಸಿ ನೆಡುವುದನ್ನು ಸಾರ್ವಜನಿಕ ಕರ್ತವ್ಯವಾಗಿಸಿದವು. ಆದರೆ ಒಂದೇ ದಿನ ನೆಟ್ಟ ಸಸಿಗಳು ಒಂದೇ ಎತ್ತರಕ್ಕೆ ಬೆಳೆಯುವುದಿಲ್ಲ.

ಇದಕ್ಕೆ ಮೊದಲ ಕಾರಣ ನೆಲ. ಕಪ್ಪುಶಿಲೆ ಸವೆದು ಉಂಟಾದ ಎರೆಮಣ್ಣಿನ ಜೇಡಿಯು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ, ಬೇಸಿಗೆಯಲ್ಲಿ ಬಾಯಿಬಿಡುವ ಬಿರುಕುಗಳು ಎಳೆಯ ಬೇರುಗಳನ್ನು ಹರಿಯುತ್ತವೆ, ಮಳೆಗಾಲದಲ್ಲಿ ನಿಂತ ನೀರು ಅವುಗಳಿಗೆ ಗಾಳಿ ತಪ್ಪಿಸುತ್ತದೆ. ಎತ್ತರದ ದಿಬ್ಬಗಳಲ್ಲಿ ಗರಸಿನ ಮೇಲೆ ತೆಳುವಾಗಿ ಹರಡಿದ ಮಣ್ಣು ಬೇಗ ಒಣಗಿದರೆ, ಭೀಮೆಯ ಹತ್ತಿರದ ಆಳವಾದ ಎರೆಯಲ್ಲಿ ತೇವ ಬಹುಕಾಲ ನಿಲ್ಲುತ್ತದೆ. ಈ ಏರುಪೇರನ್ನು ಕರಿಜಾಲಿ ಸಹಿಸಿಕೊಳ್ಳುವಷ್ಟು ಸುಲಭವಾಗಿ ಮಸಾರಿ ನೆಲದ ಮರಗಳು ಸಹಿಸಲಾರವು.

ಎರಡನೆಯದು ಬೀಜದ ಮೂಲ. 1820ರ ದಶಕದಲ್ಲೇ ಫ್ರಾನ್ಸಿನ ವಿಲ್ಮೋರಿನ್ ಎಂಬವರು ಯುರೋಪಿನ ಬೇರೆಬೇರೆ ಪ್ರದೇಶಗಳಿಂದ ತರಿಸಿದ ಪೈನ್ ಬೀಜಗಳನ್ನು ಒಂದೆಡೆ ಬೆಳೆಸಿ, ಜಾತಿ ಒಂದೇ ಆದರೂ ತವರಿಗೆ ತಕ್ಕಂತೆ ಕಾಂಡದ ನೇರವೂ ಬೆಳವಣಿಗೆಯೂ ಬದಲಾಗುವುದನ್ನು ತೋರಿಸಿದ್ದರು. ಶೀತದೇಶಗಳಲ್ಲಿ ಈ ತವರಿನ ಗುಣ ಹಿಮವನ್ನು ತಾಳುವ ಶಕ್ತಿಯಲ್ಲಿ ಕಾಣಿಸಿಕೊಂಡರೆ, 40 ಡಿಗ್ರಿ ಸೆಲ್ಸಿಯಸ್ ಮೀರುವ ಬಿಸಿಲಿನ ಈ ಸೀಮೆಯಲ್ಲಿ ಬರವನ್ನು ತಾಳುವ ಶಕ್ತಿಯೇ ಮುಖ್ಯವಾಗುವುದರಿಂದ, ಇದೇ ಎರೆಯಲ್ಲಿ ಬಲಿತ ತಾಯಿಮರಗಳ ಬೀಜವನ್ನು ಆಯ್ದುಕೊಳ್ಳುವುದು ಗುಂಡಿಯ ಅಳತೆಗಿಂತ ಕಡಿಮೆ ಮಹತ್ವದ ಕೆಲಸವಲ್ಲ.