ಅರೆ ಹದ್ದುಗಳ ನಾಮಕರಣ

ಬೇಟೆಹಕ್ಕಿಗಳ ವೈಜ್ಞಾನಿಕ ಹೆಸರುಗಳಿಗೆ ಒಂದೇ ಬಾಲ ಮತ್ತೆ ಮತ್ತೆ ಅಂಟಿಕೊಂಡಿರುತ್ತದೆ: ‘ಏಟಸ್’. ಸರ್ಕೇಟಸ್, ನೈಸೇಟಸ್, ಜಿಪೇಟಸ್, ಇಕ್ಟಿನೇಟಸ್. ಇದರ ತವರು ಗ್ರೀಕ್. ಅಲ್ಲಿ ‘ಅಯೆಟೋಸ್’ ಎಂದರೆ ಹದ್ದು, ದೇವರಾಜ ಜ್ಯೂಸನ ಹಕ್ಕಿ.

ಇಷ್ಟು ದೊಡ್ಡ ಮನೆತನದ ಪದ ವಿಜ್ಞಾನಕ್ಕೆ ಬಂದು ಮಾಡಿದ್ದು ಮಾತ್ರ ಬಹುಪಾಲು ಬಾಡಿಗೆ ಕೆಲಸ. ಹದ್ದುಗಳಲ್ಲೇ ಹದ್ದು ಎನಿಸಿದ ಕುಲಕ್ಕೆ ಲ್ಯಾಟಿನ್ನಿನ ‘ಅಕ್ವಿಲಾ’ ದಕ್ಕಿತು. ಆ ಕುಲದ ಹೊನ್ನಹದ್ದಿಗೆ 1758ರಲ್ಲಿ ಲಿನೇಯಸ್ ಕೊಟ್ಟ ‘ಕ್ರಿಸೇಟೋಸ್’ ಎಂಬ ಪ್ರಭೇದನಾಮದಲ್ಲಿ ಗ್ರೀಕ್ ಪದ ಹೇಗೋ ಉಳಿದುಕೊಂಡಿದೆ. ಉಳಿದೆಡೆ ಅದಕ್ಕೆ ಸಿಕ್ಕಿದ್ದು ಅರೆಪಾಲು: ಪೂರಾ ಹದ್ದೆನ್ನಲು ನಾಮಕರಣ ಮಾಡಿದವರಿಗೇ ಧೈರ್ಯ ಸಾಲದ ಹಕ್ಕಿಗಳು. ಹಿಮಾಲಯದಲ್ಲಿ ಮೂಳೆ ನುಂಗಿ ಬದುಕುವ ಗಡ್ಡದ ರಣಹದ್ದು ‘ಜಿಪೇಟಸ್’, ಅಂದರೆ ರಣಹದ್ದು-ಹದ್ದು. ಹಾವು ಹಿಡಿಯುವ ಸರ್ಕೇಟಸ್‌ಗೆ ಒಂದು ಬಗೆಯ ಗಿಡುಗದ ಗ್ರೀಕ್ ಹೆಸರು ಜೊತೆಯಾಯಿತು.

ಪಶ್ಚಿಮಘಟ್ಟದ ಕಾಡಿನ ಮೇಲೆ ನಿಧಾನವಾಗಿ ತೇಲುವ ಕಪ್ಪು ಹದ್ದು ‘ಇಕ್ಟಿನೇಟಸ್’. ಇಕ್ಟಿನೋಸ್ ಎಂದರೆ ಪೇಟೆಯ ಮೇಲೆಲ್ಲ ಸುತ್ತುವ ಸಾಮಾನ್ಯ ಹದ್ದಿನ ಜಾತಿ, ಇಂಗ್ಲಿಷಿನ ಕೈಟ್. ಮರಿಗಳಿರುವ ಗೂಡನ್ನೇ ಕಾಲಲ್ಲಿ ಹಿಡಿದು ಹಾರಿಹೋಗುವ ಕಪ್ಪು ಹದ್ದಿಗೆ ಆ ಹೋಲಿಕೆ ಕೊಂಚ ಅವಮಾನವೇ.

ಕಾಗುಣಿತದ ಕಥೆ ಇನ್ನೂ ಸ್ವಾರಸ್ಯ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಕಾಣುವ ಬಿಳಿಹೊಟ್ಟೆಯ ಕಡಲಹದ್ದನ್ನು ಬಹುಕಾಲ ಸೇರಿಸಿದ್ದ ಕುಲ ‘ಹ್ಯಾಲಿಯೀಟಸ್’, ಸಮುದ್ರದ ಹದ್ದು. 1809ರಲ್ಲಿ ಫ್ರಾನ್ಸಿನ ಸಾವಿಞಿ ಇದನ್ನು ಬರೆದಾಗ ರೋಮನ್ ಅಕ್ಷರ ‘ಇ’ಯನ್ನು ಎರಡು ಸಲ ಇಟ್ಟ. ಹೋಮರನ ಕಾವ್ಯದ ‘ಐಯೆಟೋಸ್’ ರೂಪದ ನೆರಳು ಅದರಲ್ಲಿದೆ. ಮೀನುಗಿಡುಗ ಆಸ್ಪ್ರೇಯ ಪ್ರಭೇದನಾಮವೂ ಅದೇ ಪದ, ಆದರೆ ಲಿನೇಯಸ್ ಅಲ್ಲಿ ಒಂದೇ ‘ಇ’ ಬರೆದಿದ್ದ. ಮೊದಲು ಅಚ್ಚಾದ ಕಾಗುಣಿತಕ್ಕೇ ನಿಯಮದ ರಕ್ಷಣೆ. ಹಾಗಾಗಿ ಎರಡೂ ಸರಿ, ಪ್ರೂಫ್ ತಿದ್ದುವವರ ಪಾಡು ಕೇಳಬೇಡಿ.

ಬಾಲವಾಗಿದ್ದ ಪದ ತಲೆಯಾದಾಗ ಹಕ್ಕಿಲೋಕವನ್ನೇ ಬಿಟ್ಟುಹೋಯಿತು. ರೆಕ್ಕೆ ಬಡಿದಂತೆ ಈಜುವ ತೊರಕೆ ಮೀನೊಂದು ‘ಏಟೋಬೇಟಸ್’. 1877ರಲ್ಲಿ ಆಸ್ಕರ್ ಫ್ರಾಸ್ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ದೊರೆತ ಪಳೆಯುಳಿಕೆಗಳಿಗೆ ‘ಏಟೋಸಾರಸ್’, ಹದ್ದುಹಲ್ಲಿ, ಎಂದು ಹೆಸರಿಟ್ಟ. ತಲೆಬುರುಡೆ ಹಕ್ಕಿಯದರಂತೆ ಕಂಡದ್ದೇ ಕಾರಣ. ಮೈತುಂಬ ಎಲುಬಿನ ಫಲಕಗಳ ಕವಚ ಹೊತ್ತು ನೆಲದ ಮೇಲೆ ನಡೆದ ಈ ಏಟೋಸಾರ್ ಬಳಗದ ಬಹಳಷ್ಟು ಪ್ರಾಣಿಗಳಿಗೆ ಸೊಪ್ಪುಸದೆಯೇ ಮುಖ್ಯ ಆಹಾರವಾಗಿತ್ತು ಎಂದು ಪಳೆಯುಳಿಕೆ ತಜ್ಞರು ಎಣಿಸುತ್ತಾರೆ.